ಹೊಲದಿಂದ ಗದ್ದುಗೆಗೆ: ಸಿದ್ಧರಾಮನ ಬೆನ್ನು ಹಿಡಿದು ಸೊಲ್ಲಾಪುರ ನಡೆದ ನನ್ನ ಅನುಭವ

ಹನ್ನೆರಡನೆಯ ಶತಮಾನದ ಶಿವಯೋಗಿ, ವಚನಕಾರ ಸಿದ್ಧರಾಮನ ಬದುಕನ್ನೇ ದಾರಿಯಾಗಿಟ್ಟುಕೊಂಡು ಸೊಲ್ಲಾಪುರದಲ್ಲಿ ಊರುನಡಿಗೆ ನಡೆಸುತ್ತೇನೆಂದು ಆರು ವರ್ಷಗಳ ಹಿಂದೆ ನಮ್ಮ ಕನ್ನಡ ಶಾಲೆಯ ಶಿಕ್ಷಕರ ಕೋಣೆಯಲ್ಲಿ ಹೇಳಿದಾಗ ಯಾರೂ ನಗಲಿಲ್ಲ, ನಕ್ಕಿದ್ದರೆ ವಾದಿಸಬಹುದಿತ್ತು. "ಜನ ದರ್ಶನಕ್ಕೆ ಬರುತ್ತಾರೆ, ಷಟ್ಪದಿಗೆ ಬರುವುದಿಲ್ಲ" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿ ಚಹಾದ ಕಪ್ಪು ಕೆಳಗಿಟ್ಟರು. ಈ ಚಳಿಗಾಲದಲ್ಲಿ ಹನ್ನೊಂದು ನಡಿಗೆಗಳಾದವು, ಒಂದೊಂದಕ್ಕೂ ಇಪ್ಪತ್ತೈದು-ಮೂವತ್ತು ಜನ ಬಂದರು, ಮತ್ತು ಅದೇ ಹಿರಿಯರು ಎರಡು ಸಲ ಹಣ ಕೊಟ್ಟು ಬಂದು ಮುಂದಿನ ಸಾಲಿನಲ್ಲಿ ನಿಂತರು. ಇದನ್ನು ಬರೆಯಲು ಅದೂ ಒಂದು ಕಾರಣವೆಂದು ಒಪ್ಪಿಕೊಳ್ಳುತ್ತೇನೆ.

ನಡಿಗೆ ನಡೆಸುವವರಿಗೆ ಸೀಟಿ, ಕೈಸ್ಪೀಕರ್, ವಾಟ್ಸಾಪ್ ಗುಂಪುಗಳ ಬಗ್ಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಸಿದ್ಧರಾಮ ಯಾರೆಂಬುದನ್ನಂತೂ ಈ ಭಾಗದ ಕನ್ನಡಿಗರಿಗೆ ಹೇಳುವುದು ಉದ್ಧಟತನವಾದೀತು. ಆದ್ದರಿಂದ ನೇರವಾಗಿ ನಾನು ಸೋತ ಕಡೆಗೆ ಬರುತ್ತೇನೆ.

ಮೊದಲ ವರ್ಷ ನಡಿಗೆಯನ್ನು ಸಿದ್ಧರಾಮನ ಗದ್ದುಗೆ, ಅಂದರೆ ಸಮಾಧಿ, ಇರುವ ಸಿದ್ಧೇಶ್ವರ ಗುಡಿಯಿಂದ ಆರಂಭಿಸಿದೆ. ಎಲ್ಲರಿಗೂ ಗೊತ್ತಿರುವ ಜಾಗ, ವಾಹನ ನಿಲ್ಲಿಸಲು ಅನುಕೂಲ, ಕೆರೆಯ ನಡುವಿನ ಗುಡಿಯನ್ನು ನೋಡಿದೊಡನೆ ಜನರಿಗೆ ಹುರುಪು ಬರುತ್ತದೆ ಎಂಬ ಲೆಕ್ಕ ನನ್ನದು. ಜನ ಬಂದರು, ಗದ್ದುಗೆಗೆ ಕೈಮುಗಿದರು, ಪ್ರಸಾದ ತೆಗೆದುಕೊಂಡರು, ಮತ್ತು ಅರ್ಧಕ್ಕರ್ಧ ಜನ ಅಲ್ಲಿಂದಲೇ ಮನೆಗೆ ಹೋದರು. ಅವರದೇನೂ ತಪ್ಪಿಲ್ಲ. ಗದ್ದುಗೆಯೆಂದರೆ ಕಥೆಯ ಕೊನೆ. ಕೊನೆಯನ್ನು ಮೊದಲೇ ತೋರಿಸಿದ ಮೇಲೆ ಅವನ ಬಾಲ್ಯವನ್ನು ಕೇಳಲು ಯಾರು ನಿಲ್ಲುತ್ತಾರೆ? ಆ ವರ್ಷ ಐನೂರು ಪ್ರತಿಗಳ ಒಂದು ಕೈಪಿಡಿಯನ್ನೂ ಅಚ್ಚು ಹಾಕಿಸಿದ್ದೆ, ಸುಮಾರು ಹದಿನಾರು ಸಾವಿರ ರೂಪಾಯಿ ಹೋಯಿತು. ಸ್ಪೀಕರಿಗೆ ಮೂರೂವರೆ ಸಾವಿರ. ನಲವತ್ತು ಶಿಕ್ಷಕರನ್ನು ಕಳಿಸುತ್ತೇವೆಂದ ಒಂದು ಸಂಸ್ಥೆಯವರು ಹಿಂದಿನ ರಾತ್ರಿ ಹತ್ತು ಗಂಟೆಗೆ ಇಲ್ಲವೆಂದರು. ಅಷ್ಟರಲ್ಲಿ ನಾನು ಉಪ್ಪಿಟ್ಟಿಗೂ ಗಾಡಿಗೂ ಮುಂಗಡ ಕೊಟ್ಟಾಗಿತ್ತು. ಒಟ್ಟು ಇಪ್ಪತ್ತೆರಡು ಸಾವಿರದಷ್ಟು ಕೈಬಿಟ್ಟಿತೆಂದು ನೆನಪು. ಮನೆಯವರ ನೆನಪಿನಲ್ಲಿ ಅದು ಮೂವತ್ತು ಸಾವಿರ.

ದಾರಿ ಸಿಕ್ಕಿದ್ದು ಷಟ್ಪದಿಯ ಕವಿ ರಾಘವಾಂಕನಲ್ಲಿ. ಅವನ 'ಸಿದ್ಧರಾಮ ಚಾರಿತ್ರ'ವನ್ನು ನಾನು ಎಂ.ಎ.ಯಲ್ಲಿ ಓದಿದ್ದೆ; ಅಂಕಗಳಿಗಾಗಿ ಓದಿದ್ದು. ಬೇಸಿಗೆ ರಜೆಯಲ್ಲಿ ಮತ್ತೆ ತೆರೆದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಕವಿಗೆ ಸೊನ್ನಲಿಗೆಯೆಂದರೆ, ಅಂದರೆ ಅಂದಿನ ಸೊಲ್ಲಾಪುರವೆಂದರೆ, ಮೊದಲು ಹೊಲ, ಆಮೇಲೆ ಗುಡಿ ಮತ್ತು ಕೆರೆ. ಮುದ್ದುಗೌಡ ಮತ್ತು ಸುಗ್ಗಲೆಯರ ಮಾತು ಕಡಿಮೆಯ ಮಗ ಸಿದ್ಧರಾಮ ನವಣೆಯ ಹೊಲದಲ್ಲಿರುವಾಗ ಶ್ರೀಶೈಲದ ಶಿವ ಮಲ್ಲಯ್ಯ ಜಂಗಮನಾಗಿ ಬಂದು ತೆನೆ ಬೇಡುತ್ತಾನೆ, ಊಟ ಬೇಡುತ್ತಾನೆ. ಹುಡುಗ ಮನೆಗೆ ಓಡಿ ಊಟ ತರುವಷ್ಟರಲ್ಲಿ ಅವನಿರುವುದಿಲ್ಲ. ಮುಂದಿನದೆಲ್ಲವೂ, ಮಲ್ಲಯ್ಯನನ್ನು ಹುಡುಕುತ್ತ ಶ್ರೀಶೈಲದವರೆಗೆ ಹೋದ ಆ ಅಳು, ಹಿಂದಿರುಗಿ ಬಂದು ಕಟ್ಟಿದ ಗುಡಿ, ತೋಡಿಸಿದ ಕೆರೆ, ಈ ಒಂದು ಕಾಣೆಯಾಗುವಿಕೆಯಿಂದ ಹುಟ್ಟಿದ್ದು. ಹೀಗಿರುವಾಗ ನಡಿಗೆ ಹೊಲದಿಂದ ಹೊರಡದೆ ಇನ್ನೆಲ್ಲಿಂದ ಹೊರಡಬೇಕು?

ಈ ಕ್ರಮ ರಸ್ತೆಯ ಲೆಕ್ಕಕ್ಕೆ ಹೊಂದುವುದಿಲ್ಲ. ನಕ್ಷೆ ಬಲ್ಲ ಗೆಳೆಯರೊಬ್ಬರು ಎಲ್ಲ ಜಾಗಗಳನ್ನೂ ಚುಕ್ಕಿಯಿಟ್ಟು ಜೋಡಿಸಿ, ನಾನು ಹೇಳುವ ದಾರಿಯಲ್ಲಿ ಎರಡು ಕಿಲೋಮೀಟರ್ ವ್ಯರ್ಥವೆಂದೂ ಕೋಟೆಯಿಂದ ಹಳೆಯ ಪೇಟೆಯಾದ ಕಸಬಾಕ್ಕೆ ಹೋಗಿ ಮತ್ತೆ ಕೆರೆಗೆ ಬರುವುದು ಹುಚ್ಚುತನವೆಂದೂ ತೋರಿಸಿಕೊಟ್ಟರು. ನಾನು ಹುಚ್ಚುತನವನ್ನೇ ಆರಿಸಿಕೊಂಡೆ. ಕಾವ್ಯದ ಕ್ರಮದಲ್ಲಿ ಕರೆದೊಯ್ದ ಮೊದಲ ಭಾನುವಾರ ಹದಿನಾಲ್ಕು ಜನರಿದ್ದರು, ಕೊನೆಯ ತನಕ ಹದಿಮೂರು ಜನ ಉಳಿದರು. ಹೋದ ಒಬ್ಬರಿಗೆ ರೈಲಿತ್ತು.

ಹೊಲದ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲು ನವಣೆಯೇ ಬೇಕೆಂದು ಹಟ ಹಿಡಿದಿದ್ದೆ. ಆದರೆ ನವಣೆ ಮುಂಗಾರಿನ ಬೆಳೆ, ನಮ್ಮ ನಡಿಗೆ ಚಳಿಗಾಲದ್ದು. ಸಿರಿಧಾನ್ಯದ ಅಂಗಡಿಯಿಂದ ಪ್ಯಾಕೆಟ್ಟಿನ ನವಣೆ ತಂದು ಬಾಣಲೆಯಲ್ಲಿ ಹುರಿದು ಹಂಚಿದೆ. ಒಬ್ಬ ಹುಡುಗ ಅದನ್ನು ಗುಬ್ಬಿಗಳಿಗೆ ಎರಚಿದ, ಗುಬ್ಬಿಗಳಾದರೂ ಮೆಚ್ಚಿದವು. ಮರುವಾರ ಹಟ ಬಿಟ್ಟು ನಮ್ಮ ಹಿಂಗಾರಿ ಜೋಳಕ್ಕೆ ಶರಣಾದೆ. ಊರಂಚಿನ ರೈತರೊಬ್ಬರು ಹಾಲುಗಾಳಿನ ತೆನೆ ಕೊಯ್ದು, ನೆಲದಲ್ಲಿ ಮೊಣಕೈ ಆಳದ ಕುಣಿ ತೋಡಿ, ಕುಳ್ಳಿನ ಕೆಂಡದಲ್ಲಿ ಸುಟ್ಟು ಕೊಡುತ್ತಾರೆ. ಸುಟ್ಟ ತೆನೆಯನ್ನು ಎರಡೂ ಅಂಗೈಗಳ ನಡುವೆ ತಿಕ್ಕಬೇಕು, ಕೈ ಸುಡುತ್ತದೆ, ಹೊಟ್ಟನ್ನು ಊದಿದರೆ ಹಸಿರು ಸೀತನಿ ಉಳಿಯುತ್ತದೆ, ಅದಕ್ಕೆ ಶೇಂಗಾ ಹಿಂಡಿ. ಜನರ ಬಾಯಿ ತುಂಬಿರುವಾಗ, ಅಂದರೆ ಯಾರೂ ಮಾತನಾಡಲಾಗದಿರುವಾಗ, ನಾನು ಪದ್ಯ ಓದುತ್ತೇನೆ. ಈ ಸಮಯವನ್ನು ಕಂಡುಕೊಳ್ಳಲು ನನಗೆ ಎರಡು ಚಳಿಗಾಲ ಹಿಡಿದವು.

ಪದ್ಯವನ್ನು ನಡೆಯುತ್ತಲೇ ಹಾಡಿಸುವ ಪ್ರಯೋಗವನ್ನೂ ಮಾಡಿದ್ದೇನೆ. ವಾರ್ಧಕ ಷಟ್ಪದಿಯದು ಐದು ಮಾತ್ರೆಯ ಗಣ, ಮನುಷ್ಯನಿಗಿರುವುದು ಎರಡು ಕಾಲು. ಲಯಕ್ಕೆ ಹೆಜ್ಜೆ ಹಾಕಲು ಹೋದವರೆಲ್ಲ ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಎಡವುತ್ತಿದ್ದರು. ಈಗ ನಿಂತೇ ಓದುತ್ತೇನೆ. ಒಂದು ಜಾಗದಲ್ಲಿ ಒಂದೇ ಪದ್ಯ, ಆಮೇಲೆ ಅದರ ಕಥೆ ನಮ್ಮ ಸೊಲ್ಲಾಪುರದ ಕನ್ನಡದಲ್ಲಿ. ಎರಡನೆಯ ಪದ್ಯಕ್ಕೆ ಕೈಹಾಕಿದ ದಿನಗಳಲ್ಲಿ ಮೊಬೈಲುಗಳು ಜೇಬಿನಿಂದ ಹೊರಬಂದದ್ದನ್ನು ಕಂಡಿದ್ದೇನೆ.

ಹೊಲಕ್ಕೂ ಕೋಟೆಗೂ ನಡುವೆ ಕಾವ್ಯದಲ್ಲಿ ಶ್ರೀಶೈಲವಿದೆ. ಗಾಡಿಯಲ್ಲಿ ಆ ಇಪ್ಪತ್ತು ನಿಮಿಷ ನಾನೊಂದು ಕೆಲಸ ಮಾಡುತ್ತೇನೆ, ಇಳಿಯುವಾಗ ಕೆಲವರ ಕಣ್ಣು ಒದ್ದೆಯಾಗಿರುತ್ತವೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ. ಬಂದವರಿಗೆ ಗೊತ್ತು, ನಕಲು ಮಾಡಬೇಕೆನ್ನುವವರು ಬರಲಿ.

ಕೋಟೆಯೊಳಗೆ ಮಲ್ಲಿಕಾರ್ಜುನ ಗುಡಿಯ ಅವಶೇಷಗಳ ಬಳಿ ನಿಲ್ಲುತ್ತೇವೆ. ಸಿದ್ಧರಾಮನ ವಚನಗಳ 'ಕಪಿಲಸಿದ್ಧಮಲ್ಲಿಕಾರ್ಜುನ' ಎಂಬ ಅಂಕಿತವನ್ನು ಪುಸ್ತಕದಲ್ಲಿ ಓದಿದವರಿಗೆ ಅದೊಂದು ಹೆಸರು, ಈ ಕಲ್ಲುಗಳ ಮುಂದೆ ಅದು ವಿಳಾಸ. ಊರಿನ ಹೆಸರಿನ ಜಗಳವನ್ನೂ ಇಲ್ಲಿಯೇ ತೀರಿಸುತ್ತೇನೆ. ಹದಿನಾರು (ಮರಾಠಿಯಲ್ಲಿ 'ಸೋಳಾ') ಹಳ್ಳಿ ಕೂಡಿ ಸೋಲಾಪುರವಾಯಿತೆಂದು ಶಾಲೆಯಲ್ಲಿ ಕಲಿತವರು ಪ್ರತಿ ಗುಂಪಿನಲ್ಲಿಯೂ ಇರುತ್ತಾರೆ. ಅವರಿಗೆ ಸೊನ್ನಲಿಗೆಯನ್ನೂ, ಮೋಹೋಳ ತಾಲೂಕಿನ ಕಾಮತಿಯಲ್ಲಿ ದೊರೆತ ಶಕ 1238ರ ಶಾಸನದ ಸೊನಲಿಪುರವನ್ನೂ ಹೇಳಿ ಮುಂದೆ ನಡೆಯುತ್ತೇನೆ.

ಕೆರೆಯ ದಂಡೆಗೆ ಮಾತ್ರ ರಾಘವಾಂಕನನ್ನು ಬಿಟ್ಟು, ಶರಣರ ಸಂವಾದಗಳ ಗ್ರಂಥವಾದ ಶೂನ್ಯಸಂಪಾದನೆಯಿಂದ ಎರವಲು ತಂದಿದ್ದೇನೆ. ಅಲ್ಲಮ ಬಂದು ಕೆಲಸದವರನ್ನು "ನಿಮ್ಮ ಒಡ್ಡರಾಮನೆಲ್ಲಿ" ಎಂದು ಸಿದ್ಧರಾಮನನ್ನು ಮೂದಲಿಸಿ ಕೇಳಿ ಕಲ್ಲೇಟು ತಿನ್ನುವ ಪ್ರಸಂಗವದು. ಕೆರೆಯನ್ನು ನೋಡುತ್ತ, ಇಷ್ಟೊಂದು ನೀರು ಕಟ್ಟಿದವನನ್ನು ಅಲ್ಲಮ ಏಕೆ ಕೆಣಕಿದನೆಂದು ಕೇಳಿದರೆ ಜನ ತಾವಾಗಿಯೇ ಎರಡು ಪಕ್ಷವಾಗುತ್ತಾರೆ; ನಾನು ಸುಮ್ಮನಿರುತ್ತೇನೆ. ನನ್ನ ಮತ ಸಿದ್ಧರಾಮನ ಕಡೆಗೆ. ಅಲ್ಲಮನಿಗೂ ಬಾಯಾರಿಕೆ ಆಗುತ್ತಿತ್ತಷ್ಟೇ.

ಅಡ್ಡದಾರಿಯ ಪ್ರಯೋಗಗಳು ಎರಡು ಹಾಳಾದವು. ಸಿದ್ಧರಾಮ ಊರ ಸುತ್ತ ಸ್ಥಾಪಿಸಿದನೆನ್ನುವ ಅರವತ್ತೆಂಟು ಲಿಂಗಗಳನ್ನು ಒಂದೇ ದಿನದಲ್ಲಿ ಮುಗಿಸಲು ಹೊರಟು ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಆಗುವಷ್ಟರಲ್ಲಿ ಸಂಜೆಯಾಯಿತು, ರಿಕ್ಷಾಗಳಿಗೇ ಸಾವಿರದ ಇನ್ನೂರು ಕೊಟ್ಟೆ. ಮತ್ತೊಮ್ಮೆ ಮರಾಠಿ ಸಂತಕವಿ ಚೋಖಾಮೇಳನ ಊರಾದ ಮಂಗಳವೇಢೆಯನ್ನೂ ಸೇರಿಸಿ ಕರೆದೊಯ್ದೆ. ಒಂದೇ ದಿನ ಇಬ್ಬರು ಕವಿಗಳು ಬೇಡವೆಂಬುದು ಹಿಂದಿರುಗುವಾಗ ಗೊರಕೆಗಳಿಂದಲೇ ತಿಳಿಯಿತು. ಮರಾಠಿಯಲ್ಲಿ ನಡೆಸಿದ್ದು ಮಾತ್ರ ಲಾಭವಾಯಿತು. ಮರಾಠಿ ಗೆಳೆಯರಿಗೆ ಸಂಕ್ರಾಂತಿಯ ಹೊತ್ತಿನ ಸಿದ್ಧೇಶ್ವರನ ಗಡ್ಡಾ ಜಾತ್ರೆ ಬಾಯಿಪಾಠವಾಗಿದೆ. ಆದರೆ ತಮ್ಮ ಪತ್ರಿಕೆಗಳು ವರ್ಷವರ್ಷವೂ ಬರೆಯುವ 'ಯಣ್ಣಿಮಜ್ಜನ' ನಮ್ಮ ಎಣ್ಣೆಮಜ್ಜನವೆಂದು, 'ಕಪ್ಪಡಕಳಿ'ಯೆಂದರೆ ಜಾತ್ರೆಯ ಎತ್ತರದ ಕೋಲುಗಳಾದ ನಂದಿಧ್ವಜಗಳ ಕಪ್ಪಡ (ಬಟ್ಟೆ) ಕಳೆಯುವುದೆಂದು ಕೇಳಿದಾಗ ಅವರು ನಿಂತಲ್ಲೇ ಮೊಬೈಲಿನಲ್ಲಿ ಬರೆದುಕೊಂಡರು.

ಕಸಬಾದಲ್ಲಿ ಜಾತ್ರೆಯ ಮಾನದ ಮನೆತನವಾದ ಹಿರೇಹಬ್ಬು ಅವರ ವಾಡೆಗೆ ಹೋಗಿ ಮತ್ತೆ ಕೆರೆಗೆ ಬರುವ ಆ 'ವ್ಯರ್ಥ' ದಾರಿ ಸಿದ್ಧರಾಮನ ಮದುವೆಯ ಕಥೆಗಾಗಿ. ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಅಲ್ಲಿಂದಲೇ ಹೊರಟು ಸಮ್ಮತಿ ಕಟ್ಟೆಗೆ ಬರುತ್ತವೆ. ಸಿದ್ಧರಾಮನನ್ನೇ ವರಿಸುತ್ತೇನೆಂದ ಕುಂಬಾರರ ಹುಡುಗಿಗೆ ಅವನು ತನ್ನ ಯೋಗದಂಡವನ್ನು ಕೊಟ್ಟನೆಂಬ ಕಥೆಯ ಅಕ್ಷತೆ ಬೀಳುವುದು ಅಲ್ಲಿಯೇ. ಜಾತ್ರೆಯ ವಾರ ನಾನು ನಡಿಗೆ ಇಡುವುದಿಲ್ಲ. ಒಮ್ಮೆ ಇಟ್ಟು, "ಏಕದಾ ಭಕ್ತಲಿಂಗ ಬೋಲಾ ಹರ್ರ" ಎಂಬ ಘೋಷದಲ್ಲಿ ನನ್ನ ಸ್ಪೀಕರ್ ಅಷ್ಟೇ ಅಲ್ಲ, ಒಂಬತ್ತು ಜನರೂ ಕಳೆದುಹೋಗಿದ್ದರು. ಬರಿದಾದ ಕಟ್ಟೆಯ ಮುಂದೆ, ಜಾತ್ರೆಯ ಬಿಳಿ ಉಡುಪಾದ ಬಾರಾಬಂದಿ ತೊಟ್ಟವರಾರೂ ಇಲ್ಲದ ದಿನ, ಸಿದ್ಧರಾಮನ ವಚನವೊಂದರ ಕೊನೆಯನ್ನು ಓದುತ್ತೇನೆ: "ಹೆಣ್ಣು ಹೆಣ್ಣಲ್ಲ, ಹೆಣ್ಣು ರಾಕ್ಷಸಿಯಲ್ಲ, ಹೆಣ್ಣು ಪ್ರತ್ಯಕ್ಷ ಕಪಿಲಸಿದ್ಧಮಲ್ಲಿಕಾರ್ಜುನ ನೋಡಾ." ಈ ವರ್ಷ ಒಬ್ಬ ಅಜ್ಜಿ, "ಹಂಗಂದವ ಆಕೀಗೆ ಬರೇ ಕೋಲು ಯಾಕ ಕೊಟ್ಟ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ, ಈಗ ಆ ಪ್ರಶ್ನೆಯನ್ನೇ ನಡಿಗೆಯ ಭಾಗ ಮಾಡಿಕೊಂಡಿದ್ದೇನೆ.

ಹಣದ ಮಾತು. ಉಚಿತವಾಗಿಟ್ಟಾಗ ಹೆಸರು ಕೊಟ್ಟವರಲ್ಲಿ ಮೂರರಲ್ಲಿ ಒಬ್ಬರು ಬರುತ್ತಿದ್ದರು. ಐವತ್ತು ರೂಪಾಯಿ ಇಟ್ಟಾಗ ಅರ್ಧ. ಇನ್ನೂರ ಐವತ್ತು ಮಾಡಿ ಮೊದಲೇ ಕಟ್ಟಿಸಿಕೊಂಡ ಮೇಲೆ ಮಳೆ ಬಂದರೂ ಬರುತ್ತಾರೆ. ರೈತರಿಗೆ ಎರಡೂವರೆ ಸಾವಿರ, ಮಿನಿಬಸ್ಸಿಗೆ ಮೂರು ಸಾವಿರ, ಕೋಟೆಯ ಟಿಕೆಟ್ ಅವರವರದೇ. ಒಂದು ಮುಂಜಾನೆಗೆ ನನಗೆ ಸಾವಿರ, ಸಾವಿರದ ಇನ್ನೂರು ಉಳಿಯುತ್ತದೆ. ಹಳೆಯ ಸಾಲ ಇನ್ನೂ ಪೂರ್ತಿ ತೀರಿಲ್ಲ.

ಗದ್ದುಗೆಯ ಬಳಿ ನಾನು ಏನನ್ನೂ ಓದುವುದಿಲ್ಲ. ಸ್ಪೀಕರನ್ನು ಚೀಲದೊಳಗಿಟ್ಟು ಹೊರಗೆ ಚಪ್ಪಲಿ ಕಾಯುತ್ತ ಕೂರುತ್ತೇನೆ, ಅವರವರಿಗೆ ಬೇಕಾದಷ್ಟು ಹೊತ್ತು ಒಳಗಿದ್ದು ಬರುತ್ತಾರೆ. ಹೊರಗೆ ಬಂದವರಲ್ಲಿ ಇಬ್ಬರು ಮೂವರಾದರೂ ಇದಕ್ಕೆ ಪುಸ್ತಕವೇನಾದರೂ ಇದೆಯೇ ಎಂದು ಕೇಳುತ್ತಾರೆ. ಅಟ್ಟದ ಮೇಲೆ ಮುನ್ನೂರೈವತ್ತು ಪ್ರತಿಗಳಿವೆ, ಆದರೆ ಅವುಗಳ ಮೊದಲ ಪುಟದಲ್ಲಿಯೇ ಗದ್ದುಗೆಯಿದೆ.