ಆಫ್‌ರೋಡ್ ರಿಮ್‌ಗೆ ಗಾಳಿ ಸೆನ್ಸರ್ ಕೂರಿಸುವಾಗ
ರಿಮ್ ಕೊಳ್ಳುವ ಮುಂಚೆ ವಾಲ್ವ್ ತೂತು ಅಳೆಯಿರಿ. ಟೈರಿನೊಳಗೆ ವಾಲ್ವಿಗೆ ಅಂಟಿಕೊಂಡು ಗಾಳಿಯ ಒತ್ತಡ ಅಳೆಯುವ ಹೆಚ್ಚಿನ ಸೆನ್ಸರ್‌ಗಳಿಗೆ ಸುಮಾರು 11.5 ಮಿ.ಮೀ. ಬೇಕು. ಟೈರ್ ಏರಿಸುವ ಮೊದಲೇ ಸೆನ್ಸರ್ ಕೂರಿಸಿ ನೋಡಿ. ಅದರ ಡಬ್ಬಿ ರಿಮ್‌ಗೆ ಒತ್ತಿಕೊಂಡರೆ ವಾಲ್ವ್ ಓರೆಯಾಗಿ, ವಾಷರ್ ಬಳಿ ಗಾಳಿ ಸೋರುತ್ತದೆ. ಹಳೆಯ ಸೆನ್ಸರ್ ಆದರೂ ರಬ್ಬರ್ ವಾಷರ್, ನಟ್, ವಾಲ್ವ್ ಪಿನ್ ಹೊಸದಿರಲಿ. ಪಿನ್ ನಿಕಲ್ ಲೇಪದ್ದೇ ಬೇಕು: ಬರೀ ಹಿತ್ತಾಳೆಯದು ಅಲ್ಯೂಮಿನಿಯಂ ವಾಲ್ವಿನಲ್ಲಿ ತುಕ್ಕಿನಿಂದ ಕಚ್ಚಿಕೊಂಡು, ಬಿಚ್ಚುವಾಗ ಮುರಿಯುತ್ತದೆ. ಪಂಕ್ಚರ್ ಜೆಲ್ ದಯವಿಟ್ಟು ಬೇಡ, ಸೆನ್ಸರ್‌ನ ಸಣ್ಣ ರಂಧ್ರ ಮುಚ್ಚಿಹೋಗುತ್ತದೆ.

ಕಲಬುರಗಿಯ ಬಿಸಿಲಲ್ಲಿ ಗಾಳಿ ಹಿಡಿಸುವುದು ಬೆಳಿಗ್ಗೆ, ಗಾಡಿ ಓಡಿಸುವ ಮುಂಚೆ. ಟೈರ್ 5–6 ಡಿಗ್ರಿ ಕಾದರೆ ಸುಮಾರು 1 ಪಿಎಸ್‌ಐ ಏರುತ್ತದೆ. ಮಧ್ಯಾಹ್ನ ಹೆಚ್ಚಾಯಿತೆಂದು ಗಾಳಿ ಹೊರಬಿಟ್ಟರೆ ಮರುದಿನ ಮುಂಜಾನೆ ಡ್ಯಾಶ್‌ಬೋರ್ಡಿನಲ್ಲಿ ಗಾಳಿ ಕಡಿಮೆಯೆಂಬ ದೀಪ ಹತ್ತೀತು. ಯಾದಗಿರಿ ಕಡೆಯ ಎರೆ ಹೊಲಕ್ಕೆಂದು ಗಾಳಿ 20 ಪಿಎಸ್‌ಐಗೆ ಇಳಿಸಿದಾಗ ದೀಪ ಹತ್ತುವುದು ಸಹಜ, ಸೆನ್ಸರ್ ಕೆಟ್ಟಿತೆಂದಲ್ಲ. ಡಾಂಬರ್ ರಸ್ತೆಗೆ ಬಂದ ಕೂಡಲೇ ತುಂಬಿ.