ಡಿಸ್ಕ್ ಗಾಲ್ಫ್: ಡಿಸ್ಕ್ ಹಿಡಿಯುವಾಗ ಹೆಬ್ಬೆರಳು ಮತ್ತು ಉಳಿದ ಬೆರಳುಗಳ ಸ್ಥಾನ

ತಟ್ಟೆಯಂಥ ಡಿಸ್ಕನ್ನು ಎಸೆದು ಗುರಿ ಮುಟ್ಟಿಸುವ ಡಿಸ್ಕ್ ಗಾಲ್ಫ್ ಆಟವನ್ನು ಕಲಿಯಲು ಹೊರಟವರು ಸಾಮಾನ್ಯವಾಗಿ ತೋಳಿನ ಬೀಸು, ಸೊಂಟದ ತಿರುವು, ಓಡಿ ಬರುವ ಹೆಜ್ಜೆಗಳ ಕಡೆಗೆ ಗಮನ ಕೊಡುತ್ತಾರೆ. ಆದರೆ ಬ್ಯಾಕ್‌ಹ್ಯಾಂಡ್ ಎಸೆತದಲ್ಲಿ, ಅಂದರೆ ತೋಳನ್ನು ಎದೆಗೆ ಅಡ್ಡವಾಗಿ ಹಿಂದಕ್ಕೆ ಚಾಚಿ ಮುಂದಕ್ಕೆ ಬೀಸುವ ಎಸೆತದಲ್ಲಿ, ಡಿಸ್ಕ್ ಕೈಯಿಂದ ಕಳಚಿಕೊಳ್ಳುವ ಕೊನೆಯ ಕ್ಷಣದಲ್ಲಿ ಅದನ್ನು ಹಿಡಿದಿರುವುದು ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ. ಕಿರುಬೆರಳು, ಉಂಗುರಬೆರಳುಗಳ ಕೆಲಸ ಅಷ್ಟರೊಳಗೆ ಮುಗಿದಿರುತ್ತದೆ. ಹಾಗಾಗಿ ಹಿಡಿತವನ್ನು ಈ ಎರಡು ಬೆರಳುಗಳಿಂದ ಆರಂಭಿಸಿ, ಉಳಿದವನ್ನು ಅವುಗಳಿಗೆ ಹೊಂದುವಂತೆ ಜೋಡಿಸಿಕೊಳ್ಳುವುದು ಒಳ್ಳೆಯದು. ಇಲ್ಲಿನ ವಿವರಣೆ ಬಲಗೈಯಲ್ಲಿ ಎಸೆಯುವವರನ್ನು ಗಮನದಲ್ಲಿಟ್ಟುಕೊಂಡದ್ದು. ಎಡಗೈಯವರು ಎಡಬಲಗಳನ್ನು ಅದಲುಬದಲು ಮಾಡಿಕೊಳ್ಳಬೇಕು.

ದೂರದ ಎಸೆತಗಳಿಗೆ ಬಳಸುವ ಪವರ್ ಗ್ರಿಪ್ಪನ್ನು ಮೊದಲು ನೋಡೋಣ. ದೂರಕ್ಕೆ ಎಸೆಯಲೆಂದೇ ಇರುವ ಡ್ರೈವರ್ ಡಿಸ್ಕನ್ನು ಎಡಗೈಯಲ್ಲಿ ಮಟ್ಟವಾಗಿ ಹಿಡಿದು, ಬಲ ಅಂಗೈಯಲ್ಲಿ ಹೆಬ್ಬೆರಳಿನ ಬುಡದ ಉಬ್ಬಿನ ಪಕ್ಕದಲ್ಲಿ ಹಾಯುವ ಗೆರೆಗೆ ಅದರ ರಿಮ್ಮಿನ, ಅಂದರೆ ಸುತ್ತಲಿನ ದಪ್ಪ ಪಟ್ಟಿಯ, ಹೊರ ಅಂಚನ್ನು ತಾಗಿಸಬೇಕು. ರಿಮ್ ಈ ಗೆರೆಯಲ್ಲಿ ಕುಳಿತರೆ ಡಿಸ್ಕ್ ಮತ್ತು ಅಂಗೈಗಳ ನಡುವೆ ಸಡಿಲ ಉಳಿಯುವುದಿಲ್ಲ. ಬಳಿಕ ನಾಲ್ಕೂ ಬೆರಳುಗಳನ್ನು ಕೆಳಗಿನಿಂದ ಮಡಚಿ, ಅವುಗಳ ತುದಿಗಳು ರಿಮ್ಮಿನ ಒಳಗೋಡೆಗೆ ಒತ್ತುವಂತೆ ಇಡಬೇಕು. ತೋರುಬೆರಳಿನ ತುದಿಯ ಮೆತ್ತನೆಯ ಭಾಗ ಒಳಗೋಡೆಗೆ ಚೆನ್ನಾಗಿ ಅಂಟಿಕೊಂಡಿರಲಿ. ಬೆರಳು ಇನ್ನೂ ಒಳಕ್ಕೆ ಸರಿದು ಡಿಸ್ಕಿನ ತಳದ ಕಡೆಗೆ ಚಾಚಿಕೊಂಡರೆ ರಿಮ್ಮನ್ನು ಎಳೆದು ಹಿಡಿಯುವ ಶಕ್ತಿ ಕಡಿಮೆಯಾಗುತ್ತದೆ. ಉಗುರು ಉದ್ದವಾಗಿದ್ದರೆ ಬೆರಳ ತುದಿಯ ಬದಲು ಉಗುರೇ ಪ್ಲಾಸ್ಟಿಕ್ಕಿಗೆ ತಾಗುತ್ತದೆ. ಇದು ಚಿಕ್ಕ ಸಂಗತಿಯಂತೆ ಕಂಡರೂ ಹಿಡಿತವನ್ನು ಕೆಡಿಸಲು ಸಾಕು.

ಇನ್ನು ಹೆಬ್ಬೆರಳು. ಅದು ಡಿಸ್ಕಿನ ಮೇಲ್ಮೈಯಲ್ಲಿ, ತೋರುಬೆರಳಿನ ಸರಿಸುಮಾರು ನೇರ ಮೇಲೆ, ರಿಮ್ ಮುಗಿದು ತೆಳುವಾದ ಮೇಲ್ಮೈ ಆರಂಭವಾಗುವ ಜಾಗದ ಹತ್ತಿರ ಚಪ್ಪಟೆಯಾಗಿ ಕೂರಬೇಕು. ಬೀಗಕ್ಕೆ ಹಾಕಿದ ಕೀಯನ್ನು ತಿರುಗಿಸುವಾಗ ಹೆಬ್ಬೆರಳೂ ತೋರುಬೆರಳೂ ಪರಸ್ಪರ ಹೇಗೆ ಒತ್ತಿಕೊಳ್ಳುತ್ತವೆಯೋ ಇಲ್ಲಿಯೂ ಹಾಗೆಯೇ ಒತ್ತಿಕೊಳ್ಳಬೇಕು. ಹೆಬ್ಬೆರಳು ಎಲ್ಲಿರಬೇಕು ಎಂಬುದರಲ್ಲಿ ಆಟಗಾರರ ನಡುವೆ ಅಲ್ಪಸ್ವಲ್ಪ ವ್ಯತ್ಯಾಸ ಇದ್ದೇ ಇದೆ. ಕೆಲವರು ಅದನ್ನು ರಿಮ್ಮಿನ ಮೇಲೆಯೇ ಉದ್ದಕ್ಕೆ ಮಲಗಿಸುತ್ತಾರೆ, ಕೆಲವರು ಡಿಸ್ಕಿನ ಕೇಂದ್ರದ ಕಡೆಗೆ ಸ್ವಲ್ಪ ತಿರುಗಿಸುತ್ತಾರೆ. ಇವೆರಡೂ ನಡೆಯುತ್ತವೆ. ನಡೆಯದೆ ಇರುವುದು ಒತ್ತಡವೇ ಇಲ್ಲದೆ ಮೇಲೆ ಸುಮ್ಮನೆ ಕುಳಿತ ಹೆಬ್ಬೆರಳು. ಮೇಲಿನಿಂದ ಒತ್ತುವವರಿಲ್ಲದಿದ್ದರೆ ಡಿಸ್ಕಿನ ಮುಂದಿನ ಅಂಚು, ಅಂದರೆ ಆಟಗಾರರು ನೋಸ್ ಎನ್ನುವ ಭಾಗ, ಮೇಲಕ್ಕೇಳುತ್ತದೆ. ನೋಸ್ ಎದ್ದ ಡಿಸ್ಕ್ ಗಾಳಿಯಲ್ಲಿ ಮೇಲೇರಿ, ವೇಗ ಕಳೆದುಕೊಂಡು, ಬೇಗ ಎಡಕ್ಕೆ ವಾಲಿ ಬೀಳುತ್ತದೆ. ಎಷ್ಟು ಬಲ ಹಾಕಿ ಎಸೆದರೂ ದೂರ ಹೋಗುತ್ತಿಲ್ಲ ಎಂದು ಹೇಳುವವರು ತೋಳನ್ನು ದೂರುವ ಮೊದಲು ಹೆಬ್ಬೆರಳನ್ನು ನೋಡಿಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಹೆಬ್ಬೆರಳಿನ ಒತ್ತಡದ ಜೊತೆಗೆ ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ತುಸು ಕೆಳಗೆ ಬಾಗಿಸಿದರೆ ಡಿಸ್ಕ್ ಮತ್ತು ಮುಂಗೈ ಒಂದೇ ಸಾಲಿಗೆ ಬರುತ್ತವೆ, ನೋಸ್ ಕೂಡ ತಗ್ಗುತ್ತದೆ.

ಹಿಡಿತ ಸರಿಯಾಗಿದೆಯೇ ಎಂದು ಎಸೆಯದೆಯೇ ಪರೀಕ್ಷಿಸಬಹುದು. ಬಲಗೈಯಲ್ಲಿ ಡಿಸ್ಕನ್ನು ಹಿಡಿದು, ಎದುರಿನ ಅಂಚನ್ನು ಎಡಗೈಯಿಂದ ಹಿಡಿದು ಎಸೆತದ ದಿಕ್ಕಿಗೆ ನಿಧಾನವಾಗಿ, ಆದರೆ ಬಲವಾಗಿ ಎಳೆಯಿರಿ. ಡಿಸ್ಕ್ ಕಳಚಿಕೊಳ್ಳುವ ಮೊದಲು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಬಿಗಿ ಹೆಚ್ಚುತ್ತಾ ಹೋಗಬೇಕು. ಬಿಗಿಯೆಲ್ಲ ನಡುಬೆರಳಿನಲ್ಲಿ ಅಥವಾ ಅದರಾಚೆಗೆ ಅನುಭವಕ್ಕೆ ಬಂದರೆ ತೋರುಬೆರಳು ಒಳಗೋಡೆಯಿಂದ ಜಾರಿದೆ ಎಂದರ್ಥ. ಎಷ್ಟೇ ಎಳೆದರೂ ಅಂಗೈಯಿಂದಲೇ ಬಿಡಿಸಿಕೊಳ್ಳದಿದ್ದರೆ ಡಿಸ್ಕ್ ಅಂಗೈಯಲ್ಲಿ ತೀರಾ ಆಳಕ್ಕೆ ಹೋಗಿ ಸಿಕ್ಕಿಕೊಂಡಿದೆ. ಮೈದಾನದಲ್ಲಿ ಇಂಥ ಹಿಡಿತದಿಂದ ಡಿಸ್ಕ್ ತಡವಾಗಿ ಬಿಡುಗಡೆಯಾಗಿ ಗುರಿಯ ಬಲಕ್ಕೆ ಹಾರುತ್ತದೆ. ಆಟಗಾರರು ಇದನ್ನು ಗ್ರಿಪ್ ಲಾಕ್ ಎನ್ನುತ್ತಾರೆ.

ಬಿಗಿಯ ಬಗ್ಗೆ ಒಂದು ಎಚ್ಚರಿಕೆಯಿದೆ. ಆರಂಭದಿಂದಲೇ ಮುಷ್ಟಿ ಕಟ್ಟಿದಂತೆ ಹಿಡಿದರೆ ಮುಂಗೈಯ ಸ್ನಾಯುಗಳು ಗಡುಸಾಗಿ ಮಣಿಕಟ್ಟು ಸಡಿಲವಾಗಿ ತೆರೆದುಕೊಳ್ಳುವುದಿಲ್ಲ, ಡಿಸ್ಕಿಗೆ ಸಿಗಬೇಕಾದ ತಿರುಗು ಸಿಗುವುದಿಲ್ಲ. ತೋಳನ್ನು ಹಿಂದಕ್ಕೆ ಚಾಚುವಾಗ ಡಿಸ್ಕ್ ಬೀಳದಷ್ಟು ಬಿಗಿ ಸಾಕು; ಅದು ಎದೆಯನ್ನು ದಾಟಿ ಮುಂದೆ ಬರುವ ಹೊತ್ತಿಗೆ ಬೆರಳುಗಳು ಬಿಗಿಯಾಗಬೇಕು.

ಹತ್ತಿರದ ಎಸೆತಗಳಿಗೆ ಫ್ಯಾನ್ ಗ್ರಿಪ್ ಹೆಚ್ಚು ಉಪಯುಕ್ತ. ಇಲ್ಲಿ ಹೆಬ್ಬೆರಳಿನ ಸ್ಥಾನ ಹೆಚ್ಚು ಬದಲಾಗುವುದಿಲ್ಲ. ಕೆಳಗೆ ನಡುಬೆರಳು, ಉಂಗುರಬೆರಳು, ಕಿರುಬೆರಳುಗಳು ಒಳಗೋಡೆಯನ್ನು ಬಿಟ್ಟು ಡಿಸ್ಕಿನ ತಳದ ಮೇಲೆ ಬೀಸಣಿಗೆಯಾಗಿ ಹರಡಿಕೊಳ್ಳುತ್ತವೆ. ತೋರುಬೆರಳನ್ನು ರಿಮ್ಮಿನ ಕೆಳಗೆ ಮಡಚಬಹುದು ಅಥವಾ ಹೊರ ಅಂಚಿನ ಉದ್ದಕ್ಕೆ ಇಡಬಹುದು. ಬಲ ಕಡಿಮೆಯಾದರೂ ಡಿಸ್ಕಿನ ಕೋನದ ಮೇಲೆ ಹತೋಟಿ ಹೆಚ್ಚುತ್ತದೆ. ಹತ್ತಿರದಿಂದ ಗುರಿಗೆ ಎಸೆಯುವ, ರಿಮ್ ಕಿರಿದಾಗಿರುವ ಪಟರ್ ಡಿಸ್ಕಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ಫೋರ್‌ಹ್ಯಾಂಡ್ ಎಸೆತದಲ್ಲಿ, ಅಂದರೆ ತೋಳನ್ನು ಎಸೆಯುವ ಕೈಯ ಬದಿಯಿಂದಲೇ ಮುಂದಕ್ಕೆ ಬೀಸುವ ಎಸೆತದಲ್ಲಿ, ಪ್ರಧಾನ ಸ್ಥಾನ ನಡುಬೆರಳಿಗೆ. ಅಂಗೈಯನ್ನು ಮೇಲಕ್ಕೆ ತಿರುಗಿಸಿ, ನಡುಬೆರಳಿನ ಮೆತ್ತನೆಯ ಭಾಗವನ್ನು ರಿಮ್ಮಿನ ಒಳಗೋಡೆಗೆ ಒತ್ತಬೇಕು. ತೋರುಬೆರಳನ್ನು ಅದಕ್ಕೆ ಅಂಟಿಸಿಟ್ಟರೆ ಬಲ ಹೆಚ್ಚು. ಬಿಡಿಸಿ ಡಿಸ್ಕಿನ ಕೇಂದ್ರದ ಕಡೆಗೆ ಚಾಚಿದರೆ ಡಿಸ್ಕ್ ಅಲ್ಲಾಡದೆ ನಿಲ್ಲುತ್ತದೆ. ಹೊಸಬರು ಎರಡನೆಯದರಿಂದ ಆರಂಭಿಸುವುದು ಸುಲಭ. ಉಂಗುರಬೆರಳು ಮತ್ತು ಕಿರುಬೆರಳುಗಳನ್ನು ಅಂಗೈಯೊಳಗೆ ಮಡಚಿ, ಉಂಗುರಬೆರಳಿನ ಪಕ್ಕ ರಿಮ್ಮಿನ ಹೊರಭಾಗಕ್ಕೆ ತಾಗಿರುವಂತೆ ನೋಡಿಕೊಳ್ಳಬೇಕು. ಹೆಬ್ಬೆರಳು ಮೇಲಿನಿಂದ ಗಟ್ಟಿಯಾಗಿ ಒತ್ತಿರಬೇಕು. ಡಿಸ್ಕ್ ಹೊರಬೀಳುತ್ತಲೇ ನಡುಗುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಈ ಒತ್ತಡವನ್ನೇ.

ಕೈ ಚಿಕ್ಕದಾಗಿರುವವರಿಗೆ ಅಗಲವಾದ ರಿಮ್ ತೊಡಕಾಗುತ್ತದೆ. ಸ್ಪರ್ಧೆಯ ನಿಯಮದಂತೆ ಡಿಸ್ಕಿನ ವ್ಯಾಸ 21 ಸೆಂ.ಮೀ.ಗಿಂತ ಕಡಿಮೆ ಇರುವಂತಿಲ್ಲ, ರಿಮ್ಮಿನ ಅಗಲ 2.6 ಸೆಂ.ಮೀ. ಮೀರುವಂತಿಲ್ಲ. ಅತಿ ವೇಗದ ಡ್ರೈವರ್‌ಗಳ ರಿಮ್ ಈ ಮಿತಿಯ ಹತ್ತಿರಕ್ಕೆ ಬರುತ್ತದೆ. ಬೆರಳ ತುದಿಗಳು ಒಳಗೋಡೆಯನ್ನು ಸಲೀಸಾಗಿ ಮುಟ್ಟದಿದ್ದರೆ ಕಿರಿದಾದ ರಿಮ್ಮಿನ ಫೇರ್‌ವೇ ಡ್ರೈವರ್ ಅಥವಾ ಮಿಡ್‌ರೇಂಜ್ ಡಿಸ್ಕನ್ನು ಆರಿಸಿಕೊಳ್ಳುವುದೇ ಜಾಣತನ. ಬೆವರು ಅಥವಾ ಮಳೆಯಿಂದ ರಿಮ್ ಒದ್ದೆಯಾಗಿದ್ದರೆ ಒಳಗೋಡೆಯನ್ನೂ ಹೆಬ್ಬೆರಳು ಕೂರುವ ಜಾಗವನ್ನೂ ಒಣ ಬಟ್ಟೆಯಿಂದ ಒರೆಸಿ, ಕೈಯನ್ನೂ ಒರೆಸಿಕೊಂಡ ಮೇಲೆಯೇ ಬೆರಳುಗಳನ್ನು ಜೋಡಿಸಬೇಕು.