ಮಂಡಿ ಬ್ರೇಸ್ ಬಿಲ್ಲಿಂಗ್: ಕೋಡ್ ಹಾಕುವ ಮೊದಲು ಡಾಕ್ಟರ್ ನೋಟ್ಸ್ ಓದಿ

ಬೆಂಗಳೂರಲ್ಲೋ ಮೈಸೂರಲ್ಲೋ ರಾತ್ರಿ ಪಾಳಿಯಲ್ಲಿ ಅಮೆರಿಕದ ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ) ಕ್ಲೇಮ್ ಮಾಡುವವರಿಗೆ ಮಂಡಿ ಬ್ರೇಸ್, ಅಂದರೆ ಮಂಡಿಗೆ ಆಸರೆಯಾಗಿ ಕಟ್ಟುವ ಸಾಧನ, ಮೊದಮೊದಲು ತುಂಬಾ ಸುಲಭ ಅನ್ನಿಸುತ್ತದೆ. ಆರ್ಡರ್ ಇದೆ, ಡಬ್ಬಿ ಮೇಲೆ ಕೋಡೂ ಇದೆ, ಇನ್ನೇನು ಬೇಕು ಅಲ್ವಾ? ಶುರುವಿನಲ್ಲಿ ನಾನು ಹಾಗೆ ಕಳಿಸಿದ ಒಂದು ಎಲ್1833 (ಒಂದು ಬಗೆಯ ಮಂಡಿ ಬ್ರೇಸ್‌ನ ಕೋಡ್) ಕ್ಲೇಮ್ ಡಿನೈ ಆಗಿ ವಾಪಸ್ ಬಂತು. ಚಾರ್ಟ್ ತೆಗೆದು ನೋಡಿದೆ. ಬಲ ಮಂಡಿ ನೋವು, ನಡೆಯುವಾಗ ಕಾಲು ಕೈಕೊಟ್ಟ ಹಾಗೆ ಆಗುತ್ತದಂತೆ, ಅಷ್ಟೇ ಬರೆದಿತ್ತು. ಅದು ರೋಗಿಯ ಮಾತು. ಡಾಕ್ಟರ್ ಆ ಮಂಡಿಯನ್ನು ಹಿಡಿದು ನೋಡಿದಾಗ ಏನು ಕಂಡಿತು ಅನ್ನೋದು ಒಂದು ಸಾಲೂ ಇರಲಿಲ್ಲ.

ಬ್ರೇಸ್ ಕ್ಲೇಮ್ ನಿಲ್ಲುವುದು, ಬೀಳುವುದು ಆ ಒಂದು ಸಾಲಿನ ಮೇಲೆ. ಮಂಡಿ ಸಡಿಲವಾಗಿದೆ ಅಂತ ಬ್ರೇಸ್ ಕೊಟ್ಟಿದ್ದರೆ, ಪರೀಕ್ಷೆ ಮಾಡಿ ಕಂಡ ಸಡಿಲತನ ನೋಟ್ಸ್‌ನಲ್ಲಿ ಇರಲೇಬೇಕು. ಡ್ರಾಯರ್ ಟೆಸ್ಟ್ (ಮಂಡಿಯ ಕೆಳಗಿನ ಕಾಲನ್ನು ಹಿಂದೆ ಮುಂದೆ ಸರಿಸಿ ನೋಡುವ ಪರೀಕ್ಷೆ) ಪಾಸಿಟಿವ್, ವೇರಸ್ ಅಥವಾ ವ್ಯಾಲ್ಗಸ್ ಒತ್ತಡ (ಕಾಲನ್ನು ಒಳಪಕ್ಕಕ್ಕೆ ಅಥವಾ ಹೊರಪಕ್ಕಕ್ಕೆ ತಳ್ಳುವುದು) ಕೊಟ್ಟಾಗ ಕೀಲು ಬಾಯಿ ಬಿಡುತ್ತದೆ, ಹೀಗೆ. ಬರೀ ನೋವು ಸಾಲದು. ಇತ್ತೀಚಿನ ಗಾಯ ಅಥವಾ ಆಪರೇಷನ್ ಆಗಿದ್ದರೆ ದಾರಿ ಬೇರೆ, ಆಗ ಅದರ ದಾಖಲೆ ಮತ್ತು ಅದಕ್ಕೆ ಹೊಂದುವ ಐಸಿಡಿ-10 ಕೋಡ್ (ರೋಗ ಅಥವಾ ಗಾಯದ ಕೋಡ್) ಬೇಕು. ಉದಾಹರಣೆಗೆ ಬಲ ಮಂಡಿಯ ಎಸಿಎಲ್ (ಮಂಡಿಯೊಳಗಿನ ಒಂದು ಅಸ್ಥಿರಜ್ಜು) ಗಾಯಕ್ಕೆ ಎಸ್83.511ಎ. ನೋಟ್ಸ್‌ನಲ್ಲಿ ಇಲ್ಲದ್ದನ್ನು ಬ್ರೇಸ್ ಕೊಡುವ ಸಪ್ಲೈಯರ್ ತಾನೇ ಒಂದು ಫಾರ್ಮ್‌ನಲ್ಲಿ ಬರೆದು ಸೇರಿಸಿದರೆ ಅದನ್ನು ಒಪ್ಪುವುದಿಲ್ಲ. ಕ್ಲಿನಿಕ್‌ಗೆ ಕೇಳಿ. ಪರೀಕ್ಷೆಯೇ ಆಗಿಲ್ಲ ಅಂದರೆ ಸುಮ್ನೆ ಕ್ಲೇಮ್ ಕಳಿಸಬೇಡಿ.

ಇನ್ನು ಕೋಡ್. ರೆಡಿಮೇಡ್ ಬ್ರೇಸ್‌ಗಳು ಹೆಚ್ಚಾಗಿ ಜೋಡಿ ಕೋಡ್‌ನಲ್ಲಿ ಬರುತ್ತವೆ. ಎಲ್1832ಕ್ಕೆ ಎಲ್1833, ಎಲ್1843ಕ್ಕೆ ಎಲ್1851, ಎಲ್1845ಕ್ಕೆ ಎಲ್1852. ಮೊದಲನೆಯದು ಕಸ್ಟಮ್ ಫಿಟೆಡ್, ಎರಡನೆಯದು ಆಫ್ ದ ಶೆಲ್ಫ್. ಬ್ರೇಸ್ ಒಂದೇ ಇರಬಹುದು, ಆದರೆ ಕೊಡುವ ದಿನ ಅದಕ್ಕೆ ಏನು ಮಾಡಿದರು ಅನ್ನೋದೇ ಕೋಡನ್ನು ತೀರ್ಮಾನಿಸುತ್ತದೆ. ಪಟ್ಟಿ ಎಳೆದು ವೆಲ್ಕ್ರೋ ಅಂಟಿಸಿ ಕೊಟ್ಟರೆ ಅದು ಆಫ್ ದ ಶೆಲ್ಫ್, ಅದನ್ನು ಆರ್ಥಾಟಿಸ್ಟ್ (ಬ್ರೇಸ್ ಅಳವಡಿಸುವ ತಜ್ಞರು) ತಾವೇ ಕೈಯಾರೆ ಹಾಕಿಕೊಟ್ಟಿದ್ದರೂ ಅಷ್ಟೇ. ಪರಿಣತಿ ಇದ್ದವರು ಆ ರೋಗಿಯ ಕಾಲಿಗೆ ತಕ್ಕ ಹಾಗೆ ಕತ್ತರಿಸಿ, ಬಗ್ಗಿಸಿ, ಅಚ್ಚು ಮಾಡಿ, ಅದನ್ನು ಬರೆದಿಟ್ಟಿದ್ದರೆ ಮಾತ್ರ ಕಸ್ಟಮ್ ಫಿಟೆಡ್.

ಎಲ್1832, ಎಲ್1833, ಎಲ್1851 ಈ ಮೂರಕ್ಕೂ 2022ರಲ್ಲಿ ಪ್ರಯರ್ ಆಥರೈಸೇಷನ್, ಅಂದರೆ ಮೊದಲೇ ಒಪ್ಪಿಗೆ ಪಡೆಯುವ ನಿಯಮ, ಬಂತು. ಏಪ್ರಿಲ್‌ನಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾಗಿ ಅಕ್ಟೋಬರ್ ಹೊತ್ತಿಗೆ ಇಡೀ ದೇಶಕ್ಕೆ ಹಬ್ಬಿತು. ಇಷ್ಟು ಬಿಗಿ ಯಾಕೆ ಅಂತ ಬೇಸರ ಮಾಡಿಕೊಳ್ಳುವ ಮೊದಲು 2019ರ ಏಪ್ರಿಲ್ ನೆನಪಿಸಿಕೊಳ್ಳಿ. ಟೆಲಿಮೆಡಿಸಿನ್ ಹೆಸರಲ್ಲಿ ಬೇಡದವರಿಗೆಲ್ಲ ಬ್ರೇಸ್ ಕಳಿಸಿದ ಹಗರಣದಲ್ಲಿ ಆಗ 24 ಜನರ ಮೇಲೆ ಕೇಸ್ ಬಿತ್ತು, ನಷ್ಟ 120 ಕೋಟಿ ಡಾಲರ್‌ಗೂ ಜಾಸ್ತಿ ಅಂತ ಅಮೆರಿಕದ ನ್ಯಾಯ ಇಲಾಖೆ ಹೇಳಿತು. ನಿಜವಾಗಿ ಮಂಡಿ ಕೆಟ್ಟ ವಯಸ್ಸಾದವರು ಈಗಲೂ ಅದರ ಬೆಲೆ ಕೊಡುತ್ತಿದ್ದಾರೆ. ಅದಕ್ಕೇ ನಮ್ಮ ಫೈಲ್ ಚೊಕ್ಕವಾಗಿ ಇರಬೇಕು ಅನ್ನೋದು. ಈ ಮೂರು ಕೋಡ್‌ಗಳಿಗೆ ಆರ್ಡರ್‌ಗೆ ಹಿಂದಿನ 6 ತಿಂಗಳೊಳಗೆ ಡಾಕ್ಟರ್ ಭೇಟಿ ಆಗಿರಬೇಕು, ಬರೆದ ಆರ್ಡರ್ ಬ್ರೇಸ್ ಕೊಡುವ ಮೊದಲೇ ಸಪ್ಲೈಯರ್ ಕೈಯಲ್ಲಿರಬೇಕು. ಆರ್ಡರ್ ತಾರೀಕು, ಡೆಲಿವರಿ ತಾರೀಕು ಪಕ್ಕಪಕ್ಕ ಇಟ್ಟು ನೋಡಿ. ಒಪ್ಪಿಗೆ ಬಂದ ಮೇಲೆ ಸಿಗುವ ಯುಟಿಎನ್ (ಆ ಒಪ್ಪಿಗೆಯ ಗುರುತಿನ) ಸಂಖ್ಯೆ ಕ್ಲೇಮ್ ಮೇಲೆ ಹೋಗಬೇಕು. ಕಾಯಲು ಆಗದ ತುರ್ತು ಇದ್ದರೆ ಎಸ್‌ಟಿ ಮಾಡಿಫೈಯರ್ (ಕೋಡ್ ಜೊತೆ ಸೇರಿಸುವ ಎರಡಕ್ಷರದ ಗುರುತು) ಇದೆ, ಆದರೆ ಆ ತುರ್ತು ನೋಟ್ಸ್‌ನಲ್ಲೂ ಕಾಣಬೇಕು.

ಉಳಿದ ಮಾಡಿಫೈಯರ್‌ಗಳು ಬೇಗ ಅಭ್ಯಾಸ ಆಗುತ್ತವೆ. ಬಲಕ್ಕೆ ಆರ್‌ಟಿ, ಎಡಕ್ಕೆ ಎಲ್‌ಟಿ. ಎರಡೂ ಮಂಡಿಗೆ ಒಂದೇ ಕೋಡ್ ಇದ್ದರೆ ಎರಡು ಬೇರೆ ಸಾಲು, ತಲಾ 1 ಯೂನಿಟ್. ಒಂದೇ ಸಾಲಲ್ಲಿ ಎರಡೂ ತುರುಕಿದರೆ ವಾಪಸ್ ಬರುತ್ತದೆ. ಕೆಎಕ್ಸ್ ಹಾಕುವುದು ಅಂದರೆ ನಿಯಮದ ಪ್ರಕಾರ ಎಲ್ಲ ಇದೆ ಅಂತ ನೀವು ಮಾತು ಕೊಟ್ಟ ಹಾಗೆ, ನೋಟ್ಸ್ ಓದದೆ ಹಾಕಲೇಬೇಡಿ. ಹಳೆಯ ಬ್ರೇಸ್ ಇದೆಯಾ, ಅದರ ಬಾಳಿಕೆ ಅವಧಿ ಮುಗಿದಿದೆಯಾ ಅಂತಲೂ ಮೊದಲೇ ನೋಡಿಕೊಳ್ಳಿ. ಎಲ್1833ಕ್ಕೆ 2 ವರ್ಷ, ಎಲ್1851ಕ್ಕೆ 3 ವರ್ಷ ಬಾಳಿಕೆ ಲೆಕ್ಕ.